ನದಿಯ ಲೆಕ್ಕವನ್ನು ಎಲ್ಲಿ ನಿಲ್ಲಿಸಬೇಕು?

ಯಾದಗಿರಿಯ ಮಗ್ಗುಲಲ್ಲಿ ಹರಿಯುವ ಭೀಮಾನದಿಯು ಆಗ್ನೇಯಕ್ಕೆ ಸಾಗಿ, ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಕೂಡುತ್ತದೆ. ಶಹಾಪುರ, ಸುರಪುರಗಳು ಈ ಎರಡು ನದಿಗಳ ನಡುವಣ ನೆಲ. 2019ರ ಆಗಸ್ಟಿನಲ್ಲಿ ಕೃಷ್ಣೆಯೂ 2020ರ ಅಕ್ಟೋಬರಿನಲ್ಲಿ ಭೀಮೆಯೂ ಉಕ್ಕಿ ಹರಿದುದನ್ನು ಇಲ್ಲಿಯ ಜನ ಬಲ್ಲರು. ಯಾದಗಿರಿಯಲ್ಲಿ ಇಂತಿಷ್ಟು ನೀರು ಬಂದರೆ ಕೆಳಗಿನ ಹಳ್ಳಿಗಳಲ್ಲಿ ಮಟ್ಟ ಎಷ್ಟಾದೀತು? ಇದನ್ನು ಗಣಕಯಂತ್ರದ ನೆರವಿನಿಂದ ಮುಂಚಿತವಾಗಿ ಎಣಿಸಬಹುದು. ಆದರೆ ನದಿಯನ್ನು ಸಮುದ್ರದವರೆಗೂ ಲೆಕ್ಕಕ್ಕೆ ತೆಗೆದುಕೊಳ್ಳಲಾಗದು, ಎಲ್ಲಿಯಾದರೂ ಕತ್ತರಿಸಲೇಬೇಕು. ಕತ್ತರಿಸಿದ ಕಡೆಯಲ್ಲಿ ನಾವು ವಿಧಿಸುವ ನಿಯಮಕ್ಕೆ ನಿರ್ಗಮದ ಸೀಮಾನಿಬಂಧನೆ ಎಂದು ಹೆಸರು.

ಇದರ ಅಗತ್ಯವೇನು? ತೆರೆದ ಕಾಲುವೆಯ ಹರಿವಿನ ಸಮೀಕರಣಗಳನ್ನು ಫ್ರೆಂಚ್ ಶಾಸ್ತ್ರಜ್ಞ ಸೈಂಟ್ ವೆನಾಂಟನು 1871ರಲ್ಲಿ ಕೊಟ್ಟನು. ಅವು ಒಳಗಿನ ಹರಿವು ಹೇಗೆ ಬದಲಾಗುತ್ತದೆಂಬುದನ್ನು ಮಾತ್ರ ತಿಳಿಸುತ್ತವೆ; ಅಂಚಿನಲ್ಲಿರುವುದನ್ನು ನಾವೇ ಹೇಳಬೇಕು.

ಎಷ್ಟು ಹೇಳಬೇಕೆಂಬುದು, ಸುದ್ದಿ ಯಾವ ದಿಕ್ಕಿಗೆ ಸಾಗಬಲ್ಲುದೆಂಬುದನ್ನು ಅವಲಂಬಿಸಿದೆ. 5 ಮೀಟರು ಆಳದ ನೀರಿನಲ್ಲಿ ಮಟ್ಟದ ಏರಿಳಿತವು ಸೆಕೆಂಡಿಗೆ ಸುಮಾರು 7 ಮೀಟರು ವೇಗದಿಂದ ಹರಡುತ್ತದೆ. ನದಿಯ ವೇಗ 2 ಮೀಟರಾದರೆ ಈ ಸುದ್ದಿ ಪ್ರವಾಹಕ್ಕೆ ಎದುರಾಗಿ 5 ಮೀಟರು ವೇಗದಿಂದ ಮೇಲೇರುತ್ತದೆ. ಆದುದರಿಂದ ಕೆಳಗಿನ ಸ್ಥಿತಿಯನ್ನು ಹೇಳದೆ ಮೇಲಿನ ಮಟ್ಟ ತಿಳಿಯದು. ನಾರಾಯಣಪುರದ ಬಸವಸಾಗರ ಅಣೆಕಟ್ಟಿನಿಂದ ಧುಮುಕುವ ನೀರಿನ ಸಂಗತಿ ಬೇರೆ. ಅಲ್ಲಿ 1 ಮೀಟರು ದಪ್ಪದ ಹರಿವು 10 ಮೀಟರು ವೇಗದಿಂದ ಓಡುತ್ತಿದೆಯೆಂದು ಇಟ್ಟುಕೊಳ್ಳೋಣ. ಸುದ್ದಿಯ ವೇಗವು ಸುಮಾರು 3 ಮೀಟರು ಮಾತ್ರವಾದುದರಿಂದ ಅದು ಕೊಚ್ಚಿಹೋಗುತ್ತದೆ. ಲೆಕ್ಕವನ್ನು ಅಲ್ಲಿ ಕತ್ತರಿಸಿದರೆ ನಿರ್ಗಮದಲ್ಲಿ ಏನನ್ನೂ ವಿಧಿಸಬಾರದು. ಹರಿವಿನ ವೇಗವನ್ನು ಅಲೆಯ ವೇಗದಿಂದ ಭಾಗಿಸಿ ಬಂದ ಸಂಖ್ಯೆಯೇ ಫ್ರೌಡ್ ಸಂಖ್ಯೆ; ಅದು 1ಕ್ಕಿಂತ ಕಡಮೆಯಾದರೆ ಕೆಳಗಿನ ನಿಬಂಧನೆ ಬೇಕು, ಹೆಚ್ಚಾದರೆ ಬೇಡ. ಗಾಳಿಯ ಹರಿವಿನಲ್ಲಿ ಶಬ್ದದ ವೇಗವು ಇದೇ ಪಾತ್ರವನ್ನು ವಹಿಸುತ್ತದೆ.

ಭೀಮೆಗೆ ಎರಡು ನಿಬಂಧನೆಗಳನ್ನು ಯೋಚಿಸಬಹುದು. ಕತ್ತರಿಸಿದೆಡೆಯಿಂದ ಮುಂದೆ ಆಳವು ಬದಲಾಗದೆ, ನೀರು ಪಾತ್ರದ ಇಳಿಜಾರಿಗೆ ತಕ್ಕಂತೆ ಸಾಗುತ್ತದೆಂದು ಭಾವಿಸುವುದು ಒಂದು. ಕೃಷ್ಣೆ ಇಳಿದಿರುವಾಗ, ಸಂಗಮದಿಂದ ದೂರದಲ್ಲಿ ಇದು ಸಾಕು. ಸಂಗಮದಲ್ಲಿ ಅಳೆದ ಮಟ್ಟವನ್ನೇ ಕೊಡುವುದು ಇನ್ನೊಂದು. ಕೃಷ್ಣೆ ತುಂಬಿರುವಾಗ ಭೀಮೆಯ ನೀರು ಸರಾಗವಾಗಿ ಹೊರಬೀಳಲಾರದೆ ಹಿಂದೆ ನಿಲ್ಲುತ್ತದೆ. ಆಗಲೂ ಮೊದಲನೆಯ ನಿಬಂಧನೆಯನ್ನೇ ಬಳಸಿದರೆ, ಮುಳುಗುವ ಹಳ್ಳಿಯು ಲೆಕ್ಕದಲ್ಲಿ ಒಣಗಿಯೇ ಉಳಿದೀತು!

ಹಿನ್ನೀರು ಎಷ್ಟು ದೂರ ಮುಟ್ಟೀತು? ಪಾತ್ರವು 3 ಕಿಲೋಮೀಟರಿಗೆ 1 ಮೀಟರು ಇಳಿಯುತ್ತದೆ, ಸಂಗಮದಲ್ಲಿ ಮಟ್ಟವು 4 ಮೀಟರು ಏರಿದೆ ಎಂದು ಭಾವಿಸಿದರೆ, ಸ್ಥೂಲವಾಗಿ 12 ಕಿಲೋಮೀಟರು. ಆ ಅಂತರದೊಳಗೆ ನದಿಯನ್ನು ಕತ್ತರಿಸುವವನಿಗೆ ಕೃಷ್ಣೆಯ ಮಟ್ಟ ತಿಳಿದಿರಲೇಬೇಕು.

ಸೇತುವೆಯ ಕಂಬದ ಹಿಂದಿನ ಸುಳಿಗಳನ್ನು ಎಣಿಸುವಾಗಲೂ ಎಚ್ಚರ ಬೇಕು. ಅಂಚು ಸುಳಿಯ ನಡುವೆ ಹಾದುಹೋದರೆ, ಅಲ್ಲಿ ನೀರು ಹೊರಹೋಗುವುದಷ್ಟೇ ಅಲ್ಲ, ಒಳಕ್ಕೂ ಬರುತ್ತದೆ. ಆ ಒಳಬರುವ ನೀರಿನ ವೇಗ ನಮಗೆ ತಿಳಿಯದು. ಸುಳಿಗಳು ಅಡಗಿದ ಮೇಲೆಯೇ ಕತ್ತರಿಸುವುದು ಕ್ಷೇಮ.

ಆರಿಸಿದ ಅಂಚು ಸರಿಯೆಂದು ತಿಳಿಯಲು ಸುಲಭವಾದ ಪರೀಕ್ಷೆಯುಂಟು. ಅದನ್ನು ಇನ್ನಷ್ಟು ಕೆಳಕ್ಕೆ ಸರಿಸಿ, ಲೆಕ್ಕವನ್ನು ಮತ್ತೆ ಮಾಡಬೇಕು. ನಮಗೆ ಬೇಕಾದ ಊರಿನ ಮಟ್ಟವು ಬದಲಾಗದಿದ್ದರೆ ಅಂಚು ಸಾಕಷ್ಟು ದೂರದಲ್ಲಿದೆ. ಬದಲಾದರೆ ನಾವು ನಂಬಿದ್ದು ನದಿಯನ್ನಲ್ಲ, ನಮ್ಮ ಊಹೆಯನ್ನು.