ಅಳುವ ಭಾಷೆ ಬೇರೆ, ಹೇಳುವ ಭಾಷೆ ಬೇರೆ

ತಂಗಿ,

ಎಂ.ಎಸ್.ಡಬ್ಲ್ಯೂ. ಮುಗಿಸಿ ನಮ್ಮ ಸೀಮೆಗೇ ಆಪ್ತಸಮಾಲೋಚಕಿಯಾಗಿ ಬಂದಿದ್ದೀಯ ಎಂದು ಕೇಳಿ ಹಿಗ್ಗಾಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಗಳಿಗೆಂದು ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ಕಿಗೆ ಇಂದು ಜಮಖಂಡಿಯವರು ಬಂದಾರು, ನಾಳೆ ನಿನ್ನನ್ನು ಬೀಳಗಿಗೆ ಕಳಿಸಿಯಾರು. ಔಷಧಿಯ ಮಾತು ಡಾಕ್ಟರಿಗೆ ಬಿಟ್ಟದ್ದು. ನಾನು ಹೇಳಬೇಕಾದದ್ದು ಒಂದೇ: ಎದುರಿಗೆ ಕುಳಿತವರು ಯಾವ ಭಾಷೆಯಲ್ಲಿ ಮಾತಾಡಬೇಕು ಎಂಬುದನ್ನು ನೀನು ತೀರ್ಮಾನಿಸಬೇಡ.

‘ಬಂದವರ ಮಾತೃಭಾಷೆಯಲ್ಲಿ ಮಾತಾಡಿಸಿ’ ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿರುತ್ತಾರೆ. ಅದು ಒಳ್ಳೆಯ ಪಾಠವೇ, ಆದರೆ ಅರ್ಧ ಪಾಠ. ನಮ್ಮ ಈ ಸೀಮೆಯ ಊರುಗಳ ಮಟ್ಟಿಗೆ ಅದು ಎಲ್ಲಿ ಸಾಲದಾಗುತ್ತದೆ ನೋಡು. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದ್ದು. ಎರಡೂ ಕಡೆ ದರಬಾರಿನ ಭಾಷೆ ಮರಾಠಿ. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದೆವು. ಕಾಗದದಲ್ಲಿ ಗಡಿ ಸರಿಯಿತು, ಮನೆಯ ಮಾತು ಹಾಗೇ ಉಳಿಯಿತು. ಒಳಗೆ ಮರಾಠಿ, ಪ್ಯಾಟಿಯಲ್ಲಿ ಕನ್ನಡ ಆಡುವ ಮನೆತನಗಳು ಇಂದಿಗೂ ಇವೆ. ರಬಕವಿ-ಬನಹಟ್ಟಿಯ ಮಗ್ಗದ ಓಣಿಗಳಲ್ಲಿ ಕನ್ನಡದ ಜೊತೆಗೆ ಉರ್ದು ಕೇಳುತ್ತದೆ, ಬಟ್ಟೆ ವ್ಯಾಪಾರದವರಲ್ಲಿ ಮಾರವಾಡಿ. ತಾಂಡಾಗಳಲ್ಲಿ ಲಂಬಾಣಿ. ಕಬ್ಬು ಕಡಿಯುವ ಹಂಗಾಮಿಗೆ ಬೀಡ ಕಡೆಯ ಗ್ಯಾಂಗುಗಳು ಬಂದು ಗುಡಿಸಲು ಹಾಕಿದರೆ ಇನ್ನೊಂದು ಬಗೆಯ ಮರಾಠಿ. ಒಬ್ಬನೇ ಮನುಷ್ಯ ಹೊತ್ತು ಹುಟ್ಟಿ ಮುಳುಗುವುದರೊಳಗೆ ಮೂರು ಭಾಷೆಗಳಲ್ಲಿ ಬದುಕುತ್ತಾನೆ. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ತತ್ತ್ವಜ್ಞಾನಿ ಗುರುದೇವ ರಾನಡೆಯವರು ಕನ್ನಡದ, ಮರಾಠಿಯ, ಹಿಂದಿಯ ಅನುಭಾವಿಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದರು. ಅವರ ಇಂಚಗೇರಿ ಪರಂಪರೆಯ ಭಜನೆಗಳಲ್ಲಿ ಮರಾಠಿ ಅಭಂಗ, ಕನ್ನಡ ಪದ ಎರಡೂ ನಡೆಯುತ್ತವೆ. ಇಂಥ ಸೀಮೆಯ ಜನರ ಮುಂದೆ ಕುಳಿತು ‘ನಿಮ್ಮ ಮಾತೃಭಾಷೆ ಯಾವುದು’ ಎಂದು ಫಾರ್ಮಿನಲ್ಲಿ ಒಂದೇ ಗೆರೆ ತುಂಬಿಸಿಕೊಂಡರೆ ನಿನಗೆ ಏನೂ ತಿಳಿಯುವುದಿಲ್ಲ.

ನಿನ್ನ ವೃತ್ತಿಯ ಮೊದಲ ಪುಟವನ್ನೇ ನೆನೆ. ವಿಯೆನ್ನಾದಲ್ಲಿ 1880-82ರ ಸುಮಾರಿಗೆ ಡಾ. ಬ್ರಾಯರ್ ಬಳಿ ಚಿಕಿತ್ಸೆ ಪಡೆದ ಬೆರ್ತಾ ಪಾಪೆನ್‌ಹೈಮ್, ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲಿ ಪ್ರಕಟಿಸಿದ ಪುಸ್ತಕದ ‘ಅನ್ನಾ ಓ’. ಕಾಯಿಲೆಯ ಒಂದು ಘಟ್ಟದಲ್ಲಿ ಆಕೆಗೆ ತನ್ನ ಜರ್ಮನ್ ಭಾಷೆಯೇ ಹೊರಡದಾಯಿತು. ಉಳಿದದ್ದು ಆಮೇಲೆ ಕಲಿತ ಇಂಗ್ಲಿಷ್. ಆಡಿ ಆಡಿ ಹಗುರಾಗುವ ಆ ಕ್ರಮಕ್ಕೆ ‘ಟಾಕಿಂಗ್ ಕ್ಯೂರ್’ ಎಂದು ಹೆಸರಿಟ್ಟವಳೂ ಆಕೆಯೇ, ಅದೂ ಇಂಗ್ಲಿಷಿನಲ್ಲಿ. ತಾಯಿನುಡಿ ಬಾಯಿ ಕಟ್ಟಿದಾಗ ಕಲಿತ ಭಾಷೆ ಆಕೆಯ ಕೈ ಹಿಡಿಯಿತು.

ಇದು ನಿನ್ನ ಕೋಣೆಯಲ್ಲೂ ಆಗುತ್ತದೆ. ಕಾಲೇಜಿನ ಹುಡುಗಿಯೊಬ್ಬಳು ಬಂದಳೆನ್ನು. ಊಟ, ನಿದ್ದೆ, ಪರೀಕ್ಷೆ ಎಲ್ಲವನ್ನೂ ನಮ್ಮ ಕಡೆಯ ಕನ್ನಡದಲ್ಲೇ ಹೇಳುತ್ತಾಳೆ. ಚಿಕ್ಕಂದಿನಲ್ಲಿ ಮನೆಯವರೇ ಒಬ್ಬರು ಕೈ ಹಾಕಿದ್ದರ ಮಾತು ಬಂದ ಕೂಡಲೇ ನೆಲ ನೋಡುತ್ತ, ಹರಕು ಮುರುಕು ಇಂಗ್ಲಿಷಿನಲ್ಲಿ ‘ಹೀ ಮಿಸ್‌ಬಿಹೇವ್ಡ್’ ಎನ್ನುತ್ತಾಳೆ. ಆಗ ‘ಕನ್ನಡದಾಗ ಹೇಳವ್ವಾ’ ಎಂದು ಎಂದಿಗೂ ಅನ್ನಬೇಡ. ಆ ಹೊತ್ತಿಗೆ ಇಂಗ್ಲಿಷ್ ಅವಳಿಗೆ ಆಸರೆ. ಅವಳ ಬೈಗುಳ, ಭಯ, ನಾಚಿಕೆ ಎಲ್ಲ ಕನ್ನಡದಲ್ಲಿವೆ. ಅಮೆರಿಕದಲ್ಲಿ ನೆಲೆಸಿದ್ದ ತುರ್ಕಿ ಭಾಷಿಕರ ಮೇಲೆ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಚರ್ಮದ ಬೆವರನ್ನು ಅಳೆದು ತೋರಿಸಿತು. ಬಾಲ್ಯದಲ್ಲಿ ಹಿರಿಯರು ಗದರಿಸುವ ಮಾತುಗಳನ್ನು ತುರ್ಕಿಯಲ್ಲಿ ಕೇಳಿದಾಗ ಅವರ ಮೈ ಸ್ಪಂದಿಸಿದಷ್ಟು ಇಂಗ್ಲಿಷಿನಲ್ಲಿ ಕೇಳಿದಾಗ ಸ್ಪಂದಿಸಲಿಲ್ಲ. ದೂರದ ಭಾಷೆಯಲ್ಲಿ ಹೇಳುವುದನ್ನು ತಪ್ಪಿಸಿಕೊಳ್ಳುವುದು ಎಂದು ತಿಳಿಯಬೇಡ. ಹೇಳಲು ಸಾಧ್ಯವಾಗಲಿ ಎಂದೇ ಅವಳು ಅಷ್ಟು ದೂರ ಹೋಗಿ ನಿಂತಿದ್ದಾಳೆ. ಕೆಲವು ಭೇಟಿಗಳ ನಂತರ ತಾನಾಗಿ ಕನ್ನಡಕ್ಕೆ ಬಂದಾಳು. ಬಂದಾಗ ಅಳು ಬರುತ್ತದೆ, ಅದಕ್ಕೆ ಸಮಯ ಇಟ್ಟುಕೋ. ಹತ್ತು ನಿಮಿಷ ಉಳಿದಿರುವಾಗ ಆ ಕದ ತೆರೆಸಿ ಮನೆಗೆ ಕಳಿಸಬೇಡ.

ಇದರ ಇನ್ನೊಂದು ಮಗ್ಗುಲೂ ಇದೆ. ಸಾಂಗಲಿ, ಮಿರಜ, ಜತ್ತ ಕಡೆಯ ಮರಾಠಿ ಮನೆಗಳಿಂದ ಇಲ್ಲಿಗೆ ಕೊಟ್ಟ ಹೆಣ್ಣುಮಕ್ಕಳನ್ನು ನೋಡು. ಅವರು ಕನ್ನಡ ಕಲಿತದ್ದು ಅತ್ತೆಮನೆಯಲ್ಲಿ. ಆ ಕನ್ನಡದಲ್ಲಿ ಅವರಿಗೆ ‘ಹೂಂನ್ರಿ’, ‘ಆತ್ರಿ’, ‘ಮಾಡ್ತೀನ್ರಿ’ ಎಲ್ಲ ಸಲೀಸು. ‘ನನಗ ಇದು ಬ್ಯಾಡ’ ಎಂದು ಆ ಭಾಷೆಯಲ್ಲಿ ಅವರು ಒಮ್ಮೆಯೂ ಅಂದಿರುವುದಿಲ್ಲ. ಕನ್ನಡ ಚೆನ್ನಾಗಿ ಬರುತ್ತದಲ್ಲ ಎಂದು ನೀನು ಕನ್ನಡದಲ್ಲೇ ಮುಂದುವರಿಸಿದರೆ ಸೊಸೆಯೊಬ್ಬಳೇ ಮಾತಾಡುತ್ತಾಳೆ, ಆ ಹೆಣ್ಣುಮಗಳು ಮಾತಾಡುವುದಿಲ್ಲ. ನಿನಗೆ ಮರಾಠಿ ಹರಕುಮುರುಕಾಗಿ ಬಂದರೂ ಸಾಕು, ಆಕೆ ಮರಾಠಿಯಲ್ಲಿ ಹೇಳಲಿ, ನೀನು ಕನ್ನಡದಲ್ಲಿ ಕೇಳು. ತಿಳಿಯದ್ದನ್ನು ಬಂದಷ್ಟು ಮರಾಠಿಯಲ್ಲೇ ಮತ್ತೊಮ್ಮೆ ಕೇಳು. ಸಮಾಲೋಚಕಿಯೇ ಮರಾಠಿಯಲ್ಲಿ ತಡವರಿಸುವುದನ್ನು ಕಂಡು ಆಕೆಗೇ ಸ್ವಲ್ಪ ಧೈರ್ಯ ಬರುತ್ತದೆ.

ಮೊದಲ ದಿನ ಇಷ್ಟು ಹೇಳು: ‘ನಿಮಗ ಯಾವ ಭಾಷಾದಾಗ ಹಗುರ ಅನಸ್ತೈತಿ ಅದರಾಗ ಹೇಳ್ರಿ, ನಡುವ ಬದಲ ಮಾಡಿದ್ರೂ ನಡೀತೈತಿ.’ ಆಮೇಲೆ ಯಾವ ಮಾತಿಗೆ ಭಾಷೆ ಬದಲಾಯಿತು ಎಂಬುದನ್ನು ಗಮನಿಸು. ಬದಲಾದ ಕೂಡಲೇ ಎತ್ತಿ ತೋರಿಸಬೇಡ.

ಕನ್ನಡದೊಳಗೇ ಇರುವ ಕನ್ನಡಗಳ ಬಗ್ಗೆ ಎಚ್ಚರ ಬೇಕು. ಮನಸ್ಸಿನ ಕಾಯಿಲೆಗಳ ಬಗ್ಗೆ ನಮ್ಮ ಭಾಷೆಯಲ್ಲಿ ಬರೆದ ಡಾಕ್ಟರುಗಳು ಇದ್ದಾರೆ. ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಊರೂರಿನ ಗ್ರಂಥಾಲಯಗಳಲ್ಲಿವೆ. ಓದು. ಆದರೆ ‘ಖಿನ್ನತೆಯ ಲಕ್ಷಣಗಳಿವೆಯೇ’ ಎಂದು ಬನಹಟ್ಟಿಯ ನೇಕಾರನನ್ನು ಕೇಳಬೇಡ. ಅವನು ‘ಎದಿ ಧಸಕ್ ಅಂತೈತ್ರಿ, ನಿದ್ದಿ ಹತ್ತವಲ್ದು, ಕೈಯಾಗ ತ್ರಾಣ ಇಲ್ಲ’ ಎನ್ನುತ್ತಾನೆ. ಎದೆಯ ತಪಾಸಣೆ ಆಗಲೇಬೇಕು, ಆಗಲಿ. ವರದಿಯಲ್ಲಿ ಏನೂ ಇಲ್ಲ ಎಂದು ಬಂದ ಮೇಲೂ ಆ ಮಾತನ್ನು ಬಿಡದೆ ಹಿಡಿದುಕೊಂಡು, ‘ಯಾವಾಗ ಧಸಕ್ ಅಂತೈತ್ರಿ?’ ಎಂದು ಕೇಳು. ಸಾಲದವರು ಬಾಗಿಲಿಗೆ ಬಂದಾಗ ಎಂದು ಹೇಳಿಯಾನು.

ಬೀಳಗಿ ಕಡೆಯ ಕೃಷ್ಣೆಯ ಹಿನ್ನೀರಿನ ಹಿರಿಯರ ವಿಷಯ ಇನ್ನೂ ಸೂಕ್ಷ್ಮ. ಆಲಮಟ್ಟಿ ಅಣೆಕಟ್ಟಿಗೆ ಹೊಲ ಮನೆ ಬಿಟ್ಟುಕೊಟ್ಟವರು ತಮ್ಮ ಕಥೆಯನ್ನು ಕಚೇರಿಯಿಂದ ಕಚೇರಿಗೆ ಎಷ್ಟೋ ವರ್ಷ ಹೇಳಿದ್ದಾರೆ. ಸರ್ವೇ ನಂಬರು, ಪರಿಹಾರ, ಪುನರ್ವಸತಿ, ಎಲ್ಲ ಅರ್ಜಿಯ ಕನ್ನಡ. ನೀನು ಪುಸ್ತಕದ ಭಾಷೆಯಲ್ಲಿ ಕೇಳಿದರೆ ನಿನಗೂ ಒಂದು ಅರ್ಜಿಯನ್ನೇ ಓದಿ ಹೇಳುತ್ತಾರೆ. ಮನೆಮಾತಿನಲ್ಲಿ ‘ಊರಾಗ ನಿಮ್ಮ ಮನಿ ಎಲ್ಲಿತ್ರಿ?’ ಎಂದು ಕೇಳು. ಅಗಸಿ, ಗುಡಿ, ಬಾವಿ ದಾಟಿ ಅವರು ಮನೆ ಮುಟ್ಟುವವರೆಗೆ ತಡೆಯಬೇಡ.

ಇನ್ನು ನಿನಗೆ ಬಾರದ ಭಾಷೆಯ ಮಾತು. ತಾಂಡಾದ ಹೆಣ್ಣುಮಗಳು ಎರಡು ನಿಮಿಷ ಅತ್ತು ಅತ್ತು ಹೇಳಿದ್ದನ್ನು ಗಂಡ ‘ಊಟ ಸೇರವಲ್ದಂತ್ರಿ’ ಎಂದು ಮುಗಿಸುತ್ತಾನೆ. ಸಾಯಬೇಕು ಅನ್ನಿಸುತ್ತದೆ ಎಂದು ಆಕೆ ಅಂದಿದ್ದರೆ ಅದು ಅವನ ಬಾಯಿಂದ ನಿನ್ನವರೆಗೆ ಬರುವುದಿಲ್ಲ. ಗಂಡನನ್ನು, ಅತ್ತೆಯನ್ನು ನಡುವಿನ ಮಾತಿಗೆ ಕೂರಿಸಬೇಡ. ಶಾಲೆಗೆ ಹೋಗುವ ಮಗನಿಗೆ ಕನ್ನಡ ಬರುತ್ತದೆಂದು ಅವನನ್ನಂತೂ ಬೇಡವೇ ಬೇಡ, ತಾಯಿಯ ಸಂಕಟವನ್ನು ತನ್ನ ಬಾಯಲ್ಲಿ ಹೊತ್ತು ತಿರುಗುವ ವಯಸ್ಸಲ್ಲ ಅದು. ಆಶಾ ಕಾರ್ಯಕರ್ತೆ ಒಳ್ಳೆಯ ಆಯ್ಕೆ ಅನ್ನಿಸುತ್ತದೆ, ಆದರೆ ಆಕೆ ಅದೇ ತಾಂಡಾದವಳಾದರೆ ನಂಟಸ್ತಿಕೆ ಇದ್ದೇ ಇರುತ್ತದೆ. ‘ಇವರು ಕುಂತರ ನಡೀತೈತೇನ್ರಿ?’ ಎಂದು ಬಂದಾಕೆಯನ್ನೇ ಕೇಳಿ, ಬೇರೆ ತಾಂಡಾದ ನರ್ಸ್ ಇದ್ದರೆ ಅವರನ್ನು ಕರೆಸು. ಕೂತವರಿಗೆ ಮೊದಲೇ ತಿಳಿಸು: ಆಕೆ ‘ನಾನು’ ಎಂದರೆ ನೀವೂ ‘ನಾನು’ ಎಂದೇ ಹೇಳಿ, ಏನನ್ನೂ ಕತ್ತರಿಸಬೇಡಿ, ಹೊರಗೆ ಒಯ್ಯಬೇಡಿ. ಅವರನ್ನು ಪಕ್ಕಕ್ಕೆ ಕೂರಿಸಿ, ನೀನು ಆಕೆಯ ಮುಖ ನೋಡಿ ಮಾತಾಡು.

ಬಂದವರ ಭಾಷೆಗೆ ಹೀಗೆ ಜಾಗ ಕೊಡುವುದು ನಿನ್ನ ದೊಡ್ಡ ಮನಸ್ಸಿನ ಉಪಕಾರ ಎಂದು ಯಾರಾದರೂ ಅಂದರೆ ಒಪ್ಪಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಮಾಹಿತಿ ಕೊಡಬೇಕು ಎನ್ನುತ್ತದೆ, ಗುಟ್ಟು ಕಾಯುವುದನ್ನೂ ಹಕ್ಕೆಂದೇ ಹೇಳುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಫೋನ್ ಮಾಡಿದರೂ ಕನ್ನಡ, ಮರಾಠಿ, ಹಿಂದಿ ಸೇರಿ 20 ಭಾಷೆಗಳ ವ್ಯವಸ್ಥೆ ಇದೆ. ಆ ಸಂಖ್ಯೆಯನ್ನು ಕಬ್ಬಿನ ಗ್ಯಾಂಗಿನವರ ಗುಡಿಸಲುಗಳಿಗೂ ಮುಟ್ಟಿಸು. ಸಾಯುವ ಮಾತು ಬಂದಾಗ ಮಾತ್ರ ಭಾಷೆಯ ನಯ ನೋಡುತ್ತ ಕೂರಬೇಡ, ಬಂದಷ್ಟರಲ್ಲಿ ನೇರ ಕೇಳಿ ಡಾಕ್ಟರಿಗೆ ತಿಳಿಸು.

ನಿನ್ನದೂ ಒಂದು ಮಾತು ಇದೆ. ಮುಧೋಳದ ಮನೆಯಲ್ಲಿ ಬೆಳೆದವಳು, ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ವರದಿ ಬರೆಯುವಾಗ ಇಡೀ ಬದುಕು ನಾಲ್ಕು ಇಂಗ್ಲಿಷ್ ಸಾಲಾಗಿ ಬಿಡುತ್ತದೆ. ಅದರ ಕೆಳಗೆ ಬಂದವರ ಒಂದು ವಾಕ್ಯವನ್ನಾದರೂ ಅವರಂದ ಹಾಗೇ ಕನ್ನಡ ಲಿಪಿಯಲ್ಲಿ ಬರೆದಿಡು, ಲಂಬಾಣಿಯಾದರೂ ಮರಾಠಿಯಾದರೂ. ಮುಂದಿನ ಸಲ ನಿನ್ನ ಜಾಗದಲ್ಲಿ ಬೇರೊಬ್ಬರು ಕೂತಿದ್ದರೆ ಅವರಿಗೆ ಅಲ್ಲಿಂದಲೇ ಸುರು ಮಾಡಲು ಬರುತ್ತದೆ. ದಿನವೆಲ್ಲ ಕೇಳಿದ್ದು ನಿನ್ನ ಎದೆಯಲ್ಲೇ ಉಳಿದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ನಿನಗೆ ಕಲಿಸಿದ ಹಿರಿಯರಿಗೆ ಫೋನ್ ಮಾಡು, ಕೇಸಿನ ವಿವರ ಇಂಗ್ಲಿಷಿನಲ್ಲೇ ಹೇಳು, ನಿನಗೇನಾಯಿತು ಎಂಬುದನ್ನು ಮಾತ್ರ ಮುಧೋಳದ ಮಾತಿನಲ್ಲಿ ಹೇಳು.