ಹಲ್ಲಿಗೂ ಬಿಡುವು ಬೇಕು

ಹನೂರು ತಾಲ್ಲೂಕಿನ ಮಾರ್ಟಳ್ಳಿ ತಮಿಳುನಾಡಿನ ಗಡಿಗೆ ಹತ್ತಿರದ ಊರು. ಬಹಳ ಮನೆಗಳಲ್ಲಿ ತಮಿಳು ಮಾತು, ಶಾಲೆಯಲ್ಲಿ ಕನ್ನಡ. ಈ ಸೀಮೆಯ ದಂತ ತಪಾಸಣಾ ಶಿಬಿರಗಳಲ್ಲಿ ನಾನು ಬಾಯಿ ತೆರೆಸುವ ಮೊದಲು ದಿನಚರಿ ಕೇಳುತ್ತೇನೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ತಿಂದಿರಿ, ಯಾವಾಗ ತಿಂದಿರಿ ಎಂದು ಹೇಳಿಸಿದರೆ ಹುಳುಕು ಎಲ್ಲಿದೆಯೆಂದು ಅರ್ಧ ಗೊತ್ತಾಗಿಬಿಡುತ್ತದೆ.

1. ಎಷ್ಟು ಸಿಹಿ ಎನ್ನುವುದಕ್ಕಿಂತ ಎಷ್ಟು ಸಲ ಎನ್ನುವುದು ಮುಖ್ಯ. ಹಲ್ಲಿನ ಹೊರಪದರವಾದ ಎನಾಮೆಲ್ ತೂಕದಲ್ಲಿ ಸುಮಾರು ಶೇ 96 ಖನಿಜ. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲ ಮಾಡುತ್ತವೆ; ಆಮ್ಲ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಆ ಖನಿಜ ಕರಗತೊಡಗುತ್ತದೆ. ಆಮ್ಲವನ್ನು ತಣಿಸಿ, ಕ್ಯಾಲ್ಸಿಯಂ, ಫಾಸ್ಫೇಟನ್ನು ಮತ್ತೆ ಕೂರಿಸುವುದು ಜೊಲ್ಲು. ಅದಕ್ಕೆ ಅರ್ಧ ಗಂಟೆಯಾದರೂ ಬೇಕು. ಗಂಟೆಗೊಂದು ಸಕ್ಕರೆ ಟೀ, ನಡುವೆ ಬನ್ನು, ಮತ್ತೆ ಬಿಸ್ಕತ್ತು ಎಂದರೆ ಜೊಲ್ಲು ಕೆಲಸ ಮಾಡುವುದು ಯಾವಾಗ? ಊಟದ ಜೊತೆಗೇ ಲಾಡು ತಿಂದು ಮುಗಿಸಿದವರು ಹೀಗೆ ತಿನ್ನುವವರಿಗಿಂತ ವಾಸಿ. 1940ರ ದಶಕದಲ್ಲಿ ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ ಕಂಡದ್ದೂ ಇದೇ: ಊಟಗಳ ನಡುವೆ ಅಂಟು ಟಾಫಿ ತಿಂದವರ ಹಲ್ಲು ಹೆಚ್ಚು ಹಾಳಾಗಿತ್ತು. (ಬುದ್ಧಿಮಾಂದ್ಯರ ಮೇಲೆ, ಒಪ್ಪಿಗೆ ಕೇಳದೆ ಮಾಡಿದ ಪ್ರಯೋಗ ಅದು. ಪಾಠ ಕಲಿತೆವು, ನಾಚಿಕೆಯೂ ಉಳಿಯಿತು.)

2. ರಾಗಿಯನ್ನು ನಂಬಿ ಕೂರಬೇಡಿ. “ನಾವು ರಾಗಿ ತಿನ್ನೋರು, ಹಲ್ಲಿಗೇನಾದದು ಡಾಕ್ಟ್ರೇ?” ಎನ್ನುವ ಅಜ್ಜಿಯರಿದ್ದಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ಕಾಲಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು. ಹಲ್ಲು ಹೊರಬಂದ ಮೇಲೆ ಎನಾಮೆಲ್‌ನಲ್ಲಿ ಜೀವಕೋಶವೂ ಇಲ್ಲ, ರಕ್ತವೂ ಹರಿಯುವುದಿಲ್ಲ. ತಿಂದದ್ದು ಒಳಗಿನಿಂದ ಹೋಗಿ ಸೇರಲು ದಾರಿಯಿಲ್ಲ. ಆದರೂ ನಾನು ಮುದ್ದೆಯ ಪರವೇ. ಅಗಿಯದೆ ನುಂಗುವ ಊಟ, ಬಾಯಲ್ಲಿ ಹೆಚ್ಚು ಹೊತ್ತು ನಿಲ್ಲದು. ಅದೇ ರಾಗಿ ಸಿಹಿ ಬಿಸ್ಕತ್ತಾಗಿ ಬಂದರೆ ದವಡೆ ಹಲ್ಲಿನ ಗೀರುಗಳಲ್ಲಿ ಮೆತ್ತಿಕೊಳ್ಳುತ್ತದೆ.

3. ಹುಳಿ ಬೇರೆಯದೇ ಕಥೆ. ಬೇಸಿಗೆ ಬಂತೆಂದರೆ ಮಕ್ಕಳ ಕೈಯಲ್ಲಿ ಉಪ್ಪು, ಖಾರ ಹಾಕಿ ಕುಟ್ಟಿದ ಹುಣಸೆಹಣ್ಣು. ಗಂಟೆಗಟ್ಟಲೆ ಚೀಪುತ್ತಾರೆ. ಇಲ್ಲಿ ಬ್ಯಾಕ್ಟೀರಿಯಾದ ಹಂಗೇ ಇಲ್ಲ; ಹುಣಸೆಯ ಟಾರ್ಟಾರಿಕ್ ಆಮ್ಲ ನೇರವಾಗಿ ಎನಾಮೆಲ್ಲನ್ನು ಮೆತ್ತಗೆ ಮಾಡುತ್ತದೆ. ಒಬ್ಬ ಹುಡುಗಿಯ ಮೇಲಿನ ಮುಂಬಲ್ಲುಗಳ ಅಂಚು ಎಷ್ಟು ಸವೆದಿತ್ತೆಂದರೆ, ಹಿಂದಿನಿಂದ ಟಾರ್ಚ್ ಹಿಡಿದರೆ ಬೆಳಕು ಈಚೆ ಬರುತ್ತಿತ್ತು. “ತಣ್ಣೀರು ಕುಡುದ್ರೆ ಜುಮ್ ಅಂತದೆ” ಎಂದಳು. ಸಾರಿಗೆ ಕಿವುಚಿದ ಹುಣಸೆಗೆ ನನ್ನ ತಕರಾರಿಲ್ಲ. ಚೀಪಿದ್ದಾದ ಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಒಂದು ಗಂಟೆ ಬ್ರಷ್ ಮುಟ್ಟಬೇಡಿ. ಇದ್ದಿಲು ಪುಡಿಯಂತೂ ಯಾವತ್ತೂ ಬೇಡ, ಮೆತ್ತಗಾದ ಪದರವನ್ನು ಉಜ್ಜಿ ತೆಗೆಯುತ್ತದೆ. ಕೋಲಾಕ್ಕೂ ಇದೇ ಮಾತು: ಅದರ ಪಿಎಚ್ ಸುಮಾರು 2.5, ಹುಳಿಯೂ ಉಂಟು, ಸಕ್ಕರೆಯೂ ಉಂಟು.

4. ಬೆಲ್ಲ, ಜೇನುತುಪ್ಪ ಎರಡೂ ಹಲ್ಲಿನ ಮಟ್ಟಿಗೆ ಸಕ್ಕರೆಯೇ.

5. ರಾತ್ರಿ ಮಗುವಿನ ಬಾಯಿಗೆ ಸಕ್ಕರೆ ಹಾಲಿನ ಬಾಟಲಿ ಇಟ್ಟು ಮಲಗಿಸಬೇಡಿ. ನಿದ್ದೆಯಲ್ಲಿ ಜೊಲ್ಲು ಊರುವುದು ಕಡಿಮೆ. ಮೇಲಿನ ನಾಲ್ಕು ಮುಂಬಲ್ಲು ಮೊದಲು ಹೋಗುತ್ತವೆ. ಅಪ್ಪ ಅಮ್ಮ ಕೂಲಿಗೆ ದೂರದೂರಿಗೆ ಹೋದ ಮನೆಗಳಲ್ಲಿ ಅಜ್ಜಿಯೊಬ್ಬಳೇ ಮಗುವನ್ನು ಸಮಾಧಾನ ಮಾಡಬೇಕು, ಬಾಟಲಿಯೇ ಗತಿ. ಅವರನ್ನು ಗದರಿ ಪ್ರಯೋಜನವಿಲ್ಲ. ಸಕ್ಕರೆ ಕಮ್ಮಿ ಮಾಡುತ್ತಾ ಬನ್ನಿ, ಕೊನೆಗೆ ಬರೀ ನೀರು ಕೊಡಿ ಎನ್ನುತ್ತೇನೆ. ಕೇಳುತ್ತಾರೆ.

6. ಕಂದು ಕಲೆಯೆಲ್ಲ ಹುಳುಕಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಎಂಟು ವರ್ಷದೊಳಗೆ, ಎನಾಮೆಲ್ ರೂಪುಗೊಳ್ಳುವಾಗ ಅತಿಯಾದರೆ ಬೀಳುವ ಕಲೆ ಎಷ್ಟು ಉಜ್ಜಿದರೂ ಹೋಗದು. ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸಿ. ಅದಕ್ಕೆ ಹೆದರಿ ಫ್ಲೋರೈಡ್ ಪೇಸ್ಟ್ ಬಿಡಬೇಡಿ: ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಹಚ್ಚಿ. ಉಗುಳುವುದನ್ನು ಕಲಿಸಿ.