ಉಸಿರಿನ ಯಂತ್ರದ ನೀರು ಸೋರದಂತೆ ನೋಡಿಕೊಳ್ಳುವ ಬಗೆ

ದಿನವಿಡೀ ಹೊಲಮನೆಗಳಲ್ಲಿ ದುಡಿದು ದಣಿದ ದಂಪತಿಗಳಿಗೆ ಇರುಳಿನ ನಿದ್ರೆಯೇ ಮರುದಿನದ ದುಡಿಮೆಗೆ ಬಂಡವಾಳ. ಆದರೆ ಕೆಲವರ ಪಾಲಿಗೆ ನಿದ್ರೆಯೇ ಆಯಾಸಕ್ಕೆ ಕಾರಣವಾಗುತ್ತದೆ. ನಿದ್ರಿಸುವಾಗ ಅವರ ಗಂಟಲಿನ ಮೃದುಭಾಗಗಳು ಕುಸಿದು ಗಾಳಿಯ ದಾರಿ ಮುಚ್ಚುತ್ತದೆ. ಒಮ್ಮೊಮ್ಮೆ 10 ಸೆಕೆಂಡು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಉಸಿರು ನಿಲ್ಲುತ್ತದೆ. ಬಳಿಕ ಬೆಚ್ಚಿದಂತೆ ಗೊರಕೆಯೊಡನೆ ಉಸಿರು ಮರಳುತ್ತದೆ. ಇದು ರಾತ್ರಿಯೆಲ್ಲ ನಡೆಯುವುದರಿಂದ ಹಗಲು ತೂಕಡಿಕೆ, ತಲೆನೋವು, ಏರಿದ ರಕ್ತದೊತ್ತಡ ಮೊದಲಾದವು ಕಾಣಿಸಿಕೊಳ್ಳುತ್ತವೆ. ಟ್ರಾಕ್ಟರ್ ನಡೆಸುವವನು ತೂಕಡಿಸಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಈ ತೊಂದರೆಗೆ ವೈದ್ಯರು ಸೂಚಿಸುವ ಮುಖ್ಯ ಸಾಧನವೇ ಸಿಪ್ಯಾಪ್ ಯಂತ್ರ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಅವರ ಸಂಗಡಿಗರು 1981ರಲ್ಲಿ ಈ ಚಿಕಿತ್ಸೆಯನ್ನು ವೈದ್ಯಲೋಕಕ್ಕೆ ಪರಿಚಯಿಸಿದರು. ಯಂತ್ರವು ಕೋಣೆಯ ಗಾಳಿಯನ್ನು ಹದವಾದ ಒತ್ತಡದಲ್ಲಿ ಕೊಳವೆಯ ಮೂಲಕ ಮುಖದ ಮಾಸ್ಕಿಗೆ ಕಳುಹಿಸುತ್ತದೆ. ಆ ಒತ್ತಡವು ಗಂಟಲಿನ ದಾರಿಯನ್ನು ಮುಚ್ಚದಂತೆ ಹಿಡಿದಿಡುತ್ತದೆ. ಸತತವಾಗಿ ಹರಿಯುವ ಗಾಳಿಯಿಂದ ಮೂಗು, ಬಾಯಿ ಒಣಗದಿರಲೆಂದು ಯಂತ್ರಕ್ಕೆ ನೀರಿನ ಡಬ್ಬಿಯೊಂದನ್ನು ಜೋಡಿಸಿರುತ್ತಾರೆ. ಇದನ್ನು ಹ್ಯುಮಿಡಿಫೈಯರ್ ಎನ್ನುತ್ತಾರೆ. ಡಬ್ಬಿಯ ಅಡಿಯಲ್ಲಿರುವ ತಟ್ಟೆ ಬಿಸಿಯಾಗಿ ನೀರನ್ನು ಬೆಚ್ಚಗಾಗಿಸುತ್ತದೆ. ಅದರ ಮೇಲೆ ಹಾಯುವ ಗಾಳಿ ತೇವವನ್ನು ಹೀರಿಕೊಂಡು ಮುಂದೆ ಸಾಗುತ್ತದೆ.

ಈ ಡಬ್ಬಿಯ ನೀರು ಸೋರಿದರೆ ಹಾಸಿಗೆ ಒದ್ದೆಯಾಗುವುದಷ್ಟೇ ಅಲ್ಲ. ನೀರು ಮೋಟಾರಿಗೆ ಇಳಿದು ಬೆಲೆಬಾಳುವ ಯಂತ್ರ ಕೆಡಬಹುದು. ನೀರು ವಿದ್ಯುತ್ತಿನ ಪ್ಲಗ್ಗನ್ನು ಮುಟ್ಟಿದರೆ ಜೀವಕ್ಕೇ ಅಪಾಯ. ಎಲ್ಲಕ್ಕಿಂತ ಮಿಗಿಲಾಗಿ, ಇದರ ಕಾಟವೇ ಸಾಕೆಂದು ಬೇಸತ್ತು ರೋಗಿಯು ಯಂತ್ರವನ್ನು ಮೂಲೆಗೆ ಸೇರಿಸಿದರೆ ಚಿಕಿತ್ಸೆ ಅಲ್ಲಿಗೇ ನಿಲ್ಲುತ್ತದೆ. ಆದುದರಿಂದ ಸೋರಿಕೆಯ ಕಾರಣಗಳನ್ನು ಪತಿಪತ್ನಿಯರಿಬ್ಬರೂ ತಿಳಿದಿರುವುದು ಅವಶ್ಯಕ.

ನೀರು ಎಲ್ಲಿಂದ ಬರುತ್ತಿದೆ?

ಕಂಡ ನೀರೆಲ್ಲ ಡಬ್ಬಿಯ ಬಿರುಕಿನಿಂದಲೇ ಬಂದದ್ದೆಂದು ತಿಳಿಯಬಾರದು. ಮೊದಲು ಒಂದು ಸುಲಭ ಪರೀಕ್ಷೆ ಮಾಡಿ. ಯಂತ್ರದ ಪ್ಲಗ್ಗನ್ನು ಕಳಚಿ, ಡಬ್ಬಿಯನ್ನು ಹೊರತೆಗೆದು, ಅದರ ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿ. ಗುರುತಿನವರೆಗೆ ನೀರು ತುಂಬಿ, ಹಳೆಯ ವೃತ್ತಪತ್ರಿಕೆಯ ಮೇಲೆ ಕಾಲು ಗಂಟೆ ಇಡಿ. ಕಾಗದ ಒದ್ದೆಯಾದರೆ ಡಬ್ಬಿಯಲ್ಲಿಯೇ ದೋಷವಿದೆ. ಕಾಗದ ಒಣಗಿಯೇ ಇದ್ದರೆ ಯಂತ್ರವನ್ನು ಇಟ್ಟ ರೀತಿ, ನೀರು ತುಂಬಿದ ರೀತಿ ಅಥವಾ ಕೊಳವೆಯಲ್ಲಿ ಕಟ್ಟುವ ಹನಿ, ಈ ಮೂರರಲ್ಲಿ ಒಂದು ಕಾರಣವಾಗಿರುವುದು ಹೆಚ್ಚು ಸಂಭವ.

1. ಡಬ್ಬಿಯ ದೋಷ

ಕುಕ್ಕರಿನ ಮುಚ್ಚಳಕ್ಕೆ ರಬ್ಬರಿನ ಗ್ಯಾಸ್ಕೆಟ್ ಇರುವುದನ್ನು ಗೃಹಿಣಿಯರು ಬಲ್ಲರು. ಅದು ಸಡಿಲವಾದರೆ ಆವಿ ಪಕ್ಕದಿಂದ ನುಗ್ಗುತ್ತದೆ. ನೀರಿನ ಡಬ್ಬಿಗೂ ಅಂತಹದೇ ಮೃದುವಾದ ಪಟ್ಟಿಯಿರುತ್ತದೆ. ಅದು ತಿರುಚಿಕೊಂಡಿದ್ದರೆ, ಹರಿದಿದ್ದರೆ, ಅದರ ಅಡಿಯಲ್ಲಿ ಕೂದಲೋ ಕಸವೋ ಸಿಕ್ಕಿದ್ದರೆ ನೀರೂ ಗಾಳಿಯೂ ಸೋರುತ್ತವೆ. ತೊಳೆದ ಪ್ರತಿ ಸಲವೂ ಪಟ್ಟಿಯನ್ನು ಬೆರಳಿನಿಂದ ಸುತ್ತಲೂ ಸವರಿ ನೋಡಿ, ಅದರ ಸ್ಥಾನದಲ್ಲಿ ಕೂರಿಸಿ. ಡಬ್ಬಿಯನ್ನು ಬೆಳಕಿಗೆ ಹಿಡಿದು ಬಿರುಕು, ಮಬ್ಬು, ಅಡಿಯ ಲೋಹದ ತಟ್ಟೆಯಲ್ಲಿ ಕಲೆ ಇವೆಯೇ ಎಂದು ಪರೀಕ್ಷಿಸಿ. ಬಿರುಕು ಬಿಟ್ಟ ಡಬ್ಬಿಗೆ ಅಂಟು, ಮೇಣ ಇತ್ಯಾದಿ ಹಚ್ಚುವ ಗೋಜಿಗೆ ಹೋಗಬೇಡಿ. ಆ ವಸ್ತುಗಳ ಆವಿಯನ್ನೇ ರಾತ್ರಿಯೆಲ್ಲ ಉಸಿರಾಡಬೇಕಾಗುತ್ತದೆ. ಹೊಸ ಡಬ್ಬಿಯನ್ನೇ ತರಿಸುವುದು ಸರಿಯಾದ ಮಾರ್ಗ.

ಕೊಳವೆಬಾವಿಯ ಗಡಸು ನೀರು ಕಾಯಿಸಿದ ಹಂಡೆಯಲ್ಲಿ ಬಿಳಿಯ ಪದರ ಕಟ್ಟುವುದನ್ನು ನೀವು ಕಂಡಿದ್ದೀರಿ. ಡಬ್ಬಿಯಲ್ಲಿಯೂ ಹಾಗೆಯೇ ಪದರ ಕಟ್ಟಿ ಮುಚ್ಚಳ ಬಿಗಿಯಾಗಿ ಕೂರದಂತೆ ಮಾಡುತ್ತದೆ. ಆದ್ದರಿಂದ ಡಿಸ್ಟಿಲ್ಡ್ ವಾಟರ್, ಅಂದರೆ ಬಟ್ಟಿ ಇಳಿಸಿದ ನೀರನ್ನು ಬಳಸಿ. ಬ್ಯಾಟರಿಗೆ ಹಾಕುವ ಆಸಿಡ್ ಬೆರೆತ ದ್ರವವನ್ನು ಎಂದಿಗೂ ಬಳಸಕೂಡದು. ಬಟ್ಟಿ ಇಳಿಸಿದ ನೀರು ಒಂದೆರಡು ದಿನ ದೊರೆಯದಿದ್ದರೆ ಚೆನ್ನಾಗಿ ಕುದಿಸಿ ಪೂರ್ತಿ ಆರಿಸಿದ ನೀರನ್ನು ಹಾಕಬಹುದು. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆಯೇ ಹೊರತು ಲವಣಗಳೆಲ್ಲ ಹೋಗುವುದಿಲ್ಲ. ಆದ್ದರಿಂದ ಇದು ತಾತ್ಕಾಲಿಕ ಏರ್ಪಾಡು ಮಾತ್ರ. ಬಿಸಿನೀರನ್ನು ಡಬ್ಬಿಗೆ ಸುರಿದರೆ ಪ್ಲಾಸ್ಟಿಕ್ಕು ಸೊಟ್ಟಗಾಗಬಹುದು.

2. ತುಂಬುವ ರೀತಿ

ಡಬ್ಬಿಯ ಮೇಲೆ ಗರಿಷ್ಠ ಮಟ್ಟದ ಗೆರೆಯಿರುತ್ತದೆ. ಬೆಳಗಿನವರೆಗೆ ಸಾಲದೆ ಹೋದೀತೆಂದು ಗೆರೆ ದಾಟಿಸಿ ತುಂಬಬೇಡಿ. ಹೆಚ್ಚಾದ ನೀರು ಗಾಳಿಯ ದಾರಿಗೆ ನುಗ್ಗುತ್ತದೆ. ಡಬ್ಬಿಯನ್ನು ಯಂತ್ರದಿಂದ ಹೊರತೆಗೆದು, ಬೇರೆಡೆಯಲ್ಲಿ ತುಂಬಿ, ಹೊರಮೈ ಒರೆಸಿ, ಅಲುಗಿಸದೆ ತಂದು ಜೋಡಿಸಿ. ಯಂತ್ರದೊಳಗೆ ಡಬ್ಬಿಯಿರುವಾಗಲೇ ಚೊಂಬಿನಿಂದ ನೀರು ಹೊಯ್ಯುವ ಅಭ್ಯಾಸ ಒಳ್ಳೆಯದಲ್ಲ.

ನೀರು ತುಂಬಿದ ಯಂತ್ರವನ್ನು ಎತ್ತಿ ಒಯ್ಯುವುದಾಗಲಿ, ಓರೆ ಮಾಡುವುದಾಗಲಿ ಕೂಡದು. ಊರಿಗೆ ಹೊರಟಾಗ ಡಬ್ಬಿಯನ್ನು ಬರಿದುಮಾಡಿ, ಒಣಗಿಸಿ, ಪ್ರತ್ಯೇಕವಾಗಿ ಕಟ್ಟಿಕೊಳ್ಳಿ.

3. ಇಡುವ ಸ್ಥಳ

ಯಂತ್ರವು ಸಮತಟ್ಟಾದ, ಅಲುಗದ ಪೀಠದ ಮೇಲಿರಬೇಕು. ಪೀಠ ಸಮವಾಗಿದೆಯೇ ಎಂದು ತಿಳಿಯಲು ಯಂತ್ರವನ್ನಿಡುವ ಮೊದಲು ಅಲ್ಲಿ ಒಂದು ಅಗಲವಾದ ತಟ್ಟೆಯಲ್ಲಿ ಸ್ವಲ್ಪ ನೀರಿಟ್ಟು ನೋಡಿ. ನೀರು ಒಂದು ಬದಿಗೆ ಸರಿದರೆ ಆ ಕಡೆಯ ಕಾಲಿನಡಿ ತೆಳುವಾದ ಹಲಗೆಯ ಚೂರು ಕೊಡಿ.

ಯಂತ್ರವು ಮಲಗಿದವರ ತಲೆಯ ಮಟ್ಟಕ್ಕಿಂತ ಎತ್ತರದಲ್ಲಿರಬಾರದು. ಗೋಡೆಯ ಗೂಡಿನಲ್ಲೋ ಅಟ್ಟಣೆಯ ಮೇಲೋ ಇಟ್ಟರೆ ಕೊಳವೆಯಲ್ಲಿ ಕೂಡಿದ ನೀರು ನೇರವಾಗಿ ಮಾಸ್ಕಿಗೆ ಇಳಿಯುತ್ತದೆ. ಮಂಚದವರು ಮಂಚಕ್ಕಿಂತ ತಗ್ಗಾದ ಸ್ಟೂಲನ್ನು ಬಳಸಬಹುದು. ನೆಲದ ಮೇಲೆ ಹಾಸಿ ಮಲಗುವವರು ಹಾಸಿಗೆಯ ಎತ್ತರವನ್ನು ಮೀರದ ಮಣೆಯೊಂದನ್ನು ಹಾಕಿ, ಅದರ ಮೇಲೆ ಯಂತ್ರವನ್ನಿಡಲಿ; ಬರಿಯ ನೆಲದ ಧೂಳು ಯಂತ್ರದೊಳಗೆ ಸೇರುವುದು ಇದರಿಂದ ತಗ್ಗುತ್ತದೆ. ಪ್ಲಗ್, ಅಡಾಪ್ಟರ್, ಎಕ್ಸ್‌ಟೆನ್ಶನ್ ಬೋರ್ಡುಗಳನ್ನು ಯಂತ್ರದ ಅಡಿಯಲ್ಲಿಡದೆ ಪಕ್ಕಕ್ಕೆ ದೂರವಿಡಿ. ಮಕ್ಕಳ ಕೈಗೆ ಎಟುಕದಂತೆಯೂ, ರಾತ್ರಿ ಎದ್ದವರ ಕಾಲಿಗೆ ತೊಡರದಂತೆಯೂ ತಂತಿಗಳನ್ನು ಜೋಡಿಸಿ.

4. ಕೊಳವೆಯಲ್ಲಿ ಕಟ್ಟುವ ಹನಿ

ಅನ್ನದ ಪಾತ್ರೆಯ ಮುಚ್ಚಳ ತೆರೆದಾಗ ಒಳಗೆ ಹನಿಗಳಿರುವುದಷ್ಟೆ? ಬೆಚ್ಚನೆಯ ತೇವದ ಗಾಳಿ ತಣ್ಣನೆಯ ಮೈಯನ್ನು ಮುಟ್ಟಿದಾಗ ನೀರಾಗುವುದೇ ಇದರ ಮರ್ಮ. ಮಾಗಿಯ ಚಳಿಯಲ್ಲಿ, ಅದರಲ್ಲೂ ಮಲೆನಾಡು ಮತ್ತು ಕೊಡಗಿನ ಮನೆಗಳಲ್ಲಿ, ಉಸಿರಿನ ಕೊಳವೆಯಲ್ಲಿಯೂ ಹೀಗೆಯೇ ನೀರು ಕೂಡುತ್ತದೆ. ಗುಳುಗುಳು ಸದ್ದು ಕೇಳಿಸಿದರೆ, ಮುಖದ ಮೇಲೆ ಹನಿ ಬಿದ್ದರೆ ಇದೇ ಕಾರಣವಿರಬಹುದು. ಡಬ್ಬಿ ಸೋರುತ್ತಿಲ್ಲ.

ಪರಿಹಾರಗಳು ಸರಳ. ತೇವದ ಮಟ್ಟವನ್ನು ಒಂದೊಂದೇ ಹಂತವಾಗಿ ತಗ್ಗಿಸಿ ನೋಡಿ. ಕೊಳವೆಗೆ ಬಟ್ಟೆಯ ಹೊದಿಕೆ ಹೊಲಿದು ತೊಡಿಸಿ, ಅಥವಾ ಕೊಳವೆಯನ್ನು ಕಂಬಳಿಯ ಒಳಗೆ ಹಾಯಿಸಿ. ಯಂತ್ರದ ಗಾಳಿ ಒಳಹೋಗುವ ಜಾಗವನ್ನು ಮಾತ್ರ ಮುಚ್ಚಬಾರದು. ಮಾಸ್ಕಿನಲ್ಲಿರುವ ಸಣ್ಣ ರಂಧ್ರಗಳನ್ನೂ ಮುಚ್ಚಬಾರದು, ಬಿಟ್ಟ ಉಸಿರು ಹೊರಹೋಗುವುದು ಅವುಗಳಿಂದಲೇ. ಫ್ಯಾನಿನ ಗಾಳಿ ಕೊಳವೆಗೆ ನೇರವಾಗಿ ಬಡಿಯದಿರಲಿ. ತೇವದ ಮಟ್ಟವನ್ನು ನೀವು ಬದಲಿಸಬಹುದು. ಆದರೆ ವೈದ್ಯರು ನಿಗದಿಪಡಿಸಿದ ಗಾಳಿಯ ಒತ್ತಡವನ್ನು ಸ್ವಂತ ಬುದ್ಧಿಯಿಂದ ಬದಲಿಸಬಾರದು.

ನೀರು ಯಂತ್ರದೊಳಗೆ ಹೋದರೆ

ಒದ್ದೆ ಕೈಯಿಂದ ಯಂತ್ರವನ್ನಾಗಲಿ ಪ್ಲಗ್ಗನ್ನಾಗಲಿ ಮುಟ್ಟಬೇಡಿ. ಪ್ಲಗ್ ನೆನೆದಿದ್ದರೆ ಮೊದಲು ಮನೆಯ ಮೇನ್ ಸ್ವಿಚ್ ಆರಿಸಿ, ಬಳಿಕ ಪ್ಲಗ್ ಕಳಚಿ. ಡಬ್ಬಿಯನ್ನು ತೆಗೆದು, ಯಂತ್ರದ ನೀರು ಬಸಿದುಹೋಗಲು ಬಿಡಿ. ಒಲೆಯ ಬಳಿಯಿಟ್ಟಾಗಲಿ ಬಿಸಿಲಿನಲ್ಲಿಟ್ಟಾಗಲಿ ಅವಸರದಿಂದ ಒಣಗಿಸಬೇಡಿ. ಯಂತ್ರ ಕೊಟ್ಟವರಿಗೆ ತೋರಿಸಿದ ನಂತರವೇ ಮತ್ತೆ ಚಾಲೂ ಮಾಡಿ.

ಡಬ್ಬಿ ಮಾತ್ರ ಕೆಟ್ಟಿದ್ದರೆ ಚಿಕಿತ್ಸೆಯನ್ನು ನಿಲ್ಲಿಸಬೇಕಾಗಿಲ್ಲ. ಅನೇಕ ಯಂತ್ರಗಳನ್ನು ನೀರಿಲ್ಲದೆಯೂ ನಡೆಸಬಹುದು. ಮೂಗು ಸ್ವಲ್ಪ ಒಣಗಿದರೂ ಉಸಿರಿನ ದಾರಿ ತೆರೆದಿರುತ್ತದೆ. ನಿಮ್ಮ ಯಂತ್ರದಲ್ಲಿ ಇದು ಹೇಗೆ ಸಾಧ್ಯವೆಂಬುದನ್ನು ಇಂದೇ ಕೇಳಿ ತಿಳಿದಿರಿ. ಬಾಯಾರಿದಾಗ ಬಾವಿ ತೋಡುವುದು ತರವಲ್ಲ.

ಇಬ್ಬರೂ ಹಂಚಿಕೊಳ್ಳಬೇಕಾದ ಕೆಲಸ

ಉಸಿರು ನಿಲ್ಲುವುದನ್ನು ಮೊದಲು ಕಾಣುವವರು ಸಾಮಾನ್ಯವಾಗಿ ಪಕ್ಕದಲ್ಲಿ ಮಲಗಿದವರೇ. ಯಂತ್ರದ ಆರೈಕೆಯಲ್ಲಿಯೂ ಅವರ ನೆರವು ಅಮೂಲ್ಯ. ಹಾಗೆಂದು ಎಲ್ಲ ಹೊರೆಯನ್ನೂ ಹೆಂಡತಿಯ ಮೇಲೆ ಹಾಕುವುದು ನ್ಯಾಯವಲ್ಲ. ಬೆಳಗ್ಗೆ ಒಬ್ಬರು ಪ್ಲಗ್ ಕಳಚಿ, ತಟ್ಟೆ ತಣಿದ ಮೇಲೆ ಉಳಿದ ನೀರನ್ನು ಚೆಲ್ಲಿ, ಡಬ್ಬಿಯನ್ನು ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯ ಸಾಬೂನಿನಿಂದ ತೊಳೆದು ನೆರಳಿನಲ್ಲಿ ಆರಿಸಲಿ. ರಾತ್ರಿ ಇನ್ನೊಬ್ಬರು ಪಟ್ಟಿಯನ್ನು ನೋಡಿ, ಹೊಸ ನೀರು ತುಂಬಿ ಜೋಡಿಸಲಿ. ದಿನಕ್ಕೆ ಕೆಲವೇ ನಿಮಿಷಗಳ ಈ ಶ್ರಮದಿಂದ ಇಬ್ಬರ ನಿದ್ರೆಯೂ ಉಳಿಯುತ್ತದೆ.

ನಿಮ್ಮನ್ನು ನೀವೇ ಕೇಳಿಕೊಳ್ಳಿ

1. ನಮ್ಮ ಯಂತ್ರವು ತಲೆಯ ಮಟ್ಟಕ್ಕಿಂತ ತಗ್ಗಿನಲ್ಲಿದೆಯೇ?
2. ನೀರು ಗೆರೆಯನ್ನು ಮೀರಿಲ್ಲವಷ್ಟೆ?
3. ರಬ್ಬರಿನ ಪಟ್ಟಿಯನ್ನು ಕೊನೆಯ ಬಾರಿ ಎಂದು ನೋಡಿದೆವು?
4. ನೀರು ಚೆಲ್ಲಿದರೆ ಅದು ಪ್ಲಗ್ಗಿನ ಕಡೆಗೆ ಹರಿಯುವುದೇ?
5. ಡಬ್ಬಿ ಕೆಟ್ಟ ರಾತ್ರಿ ಏನು ಮಾಡಬೇಕೆಂಬುದು ಇಬ್ಬರಿಗೂ ತಿಳಿದಿದೆಯೇ?

ಈ ಐದರಲ್ಲಿ ಯಾವುದಕ್ಕಾದರೂ ಸಮಾಧಾನಕರ ಉತ್ತರ ದೊರೆಯದಿದ್ದರೆ, ಇಂದು ದೀಪ ಆರಿಸುವ ಮೊದಲೇ ಅದನ್ನು ಸರಿಪಡಿಸಿಕೊಳ್ಳಿ.